ಹದಿನಾಲ್ಕರ ಹುಡುಗ ಸ್ಟಾರ್ ಆಗ್ತಾನಾ?

ಇವತ್ತಿನ ವಿಷಯ ಮಲ್ಪೆಯಿಂದ ಬಂದ ಒಂದು ಪ್ರಶ್ನೆ. ಕೇಳಿದವರು ಆಳಸಮುದ್ರ ಬೋಟಿನ ತಾಂಡೇಲರು. ಮಗನಿಗೆ ಹದಿನಾಲ್ಕು ವರ್ಷ, ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಪಾಯಿಂಟ್ ಗಾರ್ಡ್. ಆಯ್ಕೆ ಶಿಬಿರವೊಂದರಲ್ಲಿ ಟೇಪ್ ಹಿಡಿದು ಎತ್ತರ ಅಳೆದವರು ವಾಪಸ್ ಕಳಿಸಿದರಂತೆ. ಈಗ ಅಪ್ಪನ ಪ್ರಶ್ನೆ ಇಷ್ಟೇ: ಇವನು ಮುಂದೆ ದೊಡ್ಡ ಆಟಗಾರ ಆಗ್ತಾನಾ? ಇಲ್ಲ, ಈ ವರ್ಷವೇ ಆಟ ಬಿಡಿಸಿ ಟ್ಯೂಷನ್‌ಗೆ ಹಾಕುವುದು ಒಳ್ಳೆಯದಾ?

ಪಾಯಿಂಟ್ ಗಾರ್ಡ್ ಅಂದರೆ ಯಾರು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಅಂಕಣದಲ್ಲಿ ಐದು ಜನ. ಅದರಲ್ಲಿ ಚೆಂಡನ್ನು ಮೇಲಕ್ಕೆ ತಂದು, ಯಾರು ಎಲ್ಲಿ ನಿಂತಿದ್ದಾರೆ ಅಂತ ನೋಡಿ, ಯಾರಿಗೆ ಯಾವಾಗ ಕೊಡಬೇಕು ಅಂತ ತೀರ್ಮಾನಿಸುವವನೇ ಪಾಯಿಂಟ್ ಗಾರ್ಡ್. ಎಂಟು ಸೆಕೆಂಡ್‌ನೊಳಗೆ ಅರ್ಧ ಅಂಕಣ ದಾಟಬೇಕು, 24 ಸೆಕೆಂಡ್‌ನೊಳಗೆ ತಂಡ ಚೆಂಡನ್ನು ಬುಟ್ಟಿಗೆ ಎಸೆಯಬೇಕು. ಬೋಟಿನಲ್ಲಿ ತಾಂಡೇಲ ಮಾಡುವ ಕೆಲಸವೇ. ಬಲೆ ಎಳೆಯಲು ಹತ್ತು ಕೈಗಳಿವೆ. ಎಲ್ಲಿ, ಯಾವಾಗ ಬಲೆ ಬಿಡಬೇಕು ಅನ್ನುವುದು ಒಬ್ಬನ ತಲೆಯಲ್ಲಿದೆ. ತೊಂದರೆ ಇರುವುದೂ ಅಲ್ಲೇ. ಎತ್ತರ ಅಳೆಯಲು ಟೇಪ್ ಇದೆ, ಓಟ ಅಳೆಯಲು ಸ್ಟಾಪ್‌ವಾಚ್ ಇದೆ. ತೀರ್ಮಾನ ಅಳೆಯಲು ಯಾವ ಉಪಕರಣ ಇದೆ?

ಈ ಊಹೆಯಲ್ಲಿ ಜಗತ್ತಿನ ದೊಡ್ಡ ದೊಡ್ಡವರೇ ಎಡವಿದ್ದಾರೆ. 2009ರ ಎನ್‌ಬಿಎ ಡ್ರಾಫ್ಟ್ ನೋಡಿ. ಅಮೆರಿಕದ ವೃತ್ತಿಪರ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ ವ್ಯವಸ್ಥೆ ಅದು. ಮಿನೆಸೋಟಾ ತಂಡಕ್ಕೆ ಐದನೇ ಮತ್ತು ಆರನೇ ಸರದಿ, ಎರಡೂ ಸಿಕ್ಕಿತ್ತು. ಎರಡಕ್ಕೂ ಪಾಯಿಂಟ್ ಗಾರ್ಡ್‌ಗಳನ್ನೇ ಆರಿಸಿದರು: ರಿಕಿ ರುಬಿಯೊ, ಜಾನಿ ಫ್ಲಿನ್. ಏಳನೇ ಸರದಿಯಲ್ಲಿ ಗೋಲ್ಡನ್ ಸ್ಟೇಟ್ ತಂಡ ಆರಿಸಿದ ಹುಡುಗನ ಹೆಸರು ಸ್ಟೀಫನ್ ಕರಿ. ಕರಿ ನಾಲ್ಕು ಬಾರಿ ಚಾಂಪಿಯನ್, ಎರಡು ಬಾರಿ ಲೀಗ್‌ನ ಅತ್ಯಮೂಲ್ಯ ಆಟಗಾರ. ಫ್ಲಿನ್ ಎನ್‌ಬಿಎಯಲ್ಲಿ ಉಳಿದದ್ದು ಮೂರೇ ಸೀಸನ್, ಸೊಂಟದ ಗಾಯ ಅವರನ್ನು ಕಾಡಿತು.

ಹಾಗಾದರೆ ಮಿನೆಸೋಟಾದವರು ಮೂರ್ಖರೇ? ಅಲ್ಲ ಮಾರಾಯ್ರೆ. ರುಬಿಯೊ ಹದಿನಾಲ್ಕನೇ ವಯಸ್ಸಿಗೇ ಸ್ಪೇನ್‌ನ ವೃತ್ತಿಪರ ಲೀಗ್‌ನಲ್ಲಿ ಆಡಿದವರು. ಹದಿನೇಳಕ್ಕೆ ಬೀಜಿಂಗ್ ಒಲಿಂಪಿಕ್ಸ್ ಫೈನಲ್ ಆಡಿದವರು. ಮುಂದೆ ಒಳ್ಳೆಯ ಆಟಗಾರ ಆದದ್ದೂ ನಿಜ. ಕರಿ? ಅವರ ಅಪ್ಪ ಆಡಿದ್ದ ವಿಶ್ವವಿದ್ಯಾಲಯವೇ ಅವರಿಗೆ ಸ್ಕಾಲರ್‌ಶಿಪ್ ಕೊಟ್ಟಿರಲಿಲ್ಲ. ಮೈ ತೆಳು, ಎತ್ತರ ಸಾಧಾರಣ. ಆಡಿದ್ದು ಡೇವಿಡ್‌ಸನ್ ಎಂಬ ಸಣ್ಣ ಕಾಲೇಜಿಗೆ. ಅವರಿಗಿಂತ ಮುಂಚೆ ಸ್ಟೀವ್ ನ್ಯಾಶ್ ಕಥೆಯೂ ಇದೇ. ಕೆನಡಾದ ಆ ಹುಡುಗನಿಗೆ ಸ್ಕಾಲರ್‌ಶಿಪ್ ಕೊಡಲು ಮುಂದೆ ಬಂದದ್ದು ಸಾಂಟಾ ಕ್ಲಾರಾ ಒಂದೇ. 2005 ಮತ್ತು 2006ರಲ್ಲಿ ಸತತವಾಗಿ ಅತ್ಯಮೂಲ್ಯ ಆಟಗಾರ ಆದದ್ದು ಅದೇ ಹುಡುಗ.

ಊಹೆ ಯಾಕೆ ಇಷ್ಟು ಕಷ್ಟ? ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಒಂದು ಸಣ್ಣ ಲೆಕ್ಕ ಮಾಡೋಣ. ಅಂಕಿ ನನ್ನ ಕಲ್ಪನೆಯದು, ತರ್ಕ ಮಾತ್ರ ನಿಜ. ಸಾವಿರ ಮಕ್ಕಳಿದ್ದಾರೆ ಅಂತಿಟ್ಟುಕೊಳ್ಳಿ. ಅವರಲ್ಲಿ ನಿಜವಾಗಿ ಸ್ಟಾರ್ ಆಗುವವರು ಹತ್ತು ಮಂದಿ. ನಮ್ಮ ಕೋಚ್ ಮಹಾ ಚಾಣಾಕ್ಷ, ನೂರಕ್ಕೆ ತೊಂಬತ್ತು ಸಲ ಅವರ ಮಾತು ಸರಿ. ಹತ್ತು ಸ್ಟಾರ್‌ಗಳಲ್ಲಿ ಒಂಬತ್ತು ಜನರನ್ನು ಅವರು ಗುರುತಿಸುತ್ತಾರೆ. ಉಳಿದ 990 ಮಕ್ಕಳಲ್ಲಿ ಶೇಕಡಾ ಹತ್ತು, ಅಂದರೆ 99 ಮಕ್ಕಳನ್ನೂ ತಪ್ಪಾಗಿ ‘ಸ್ಟಾರ್’ ಅಂದುಬಿಡುತ್ತಾರೆ. ಒಟ್ಟು 108 ಮಕ್ಕಳ ಬೆನ್ನು ತಟ್ಟಿದರು, ಗೆದ್ದವರು ಒಂಬತ್ತು. ಹನ್ನೆರಡಕ್ಕೆ ಒಬ್ಬ! ಇಷ್ಟೊಳ್ಳೆಯ ಕೋಚ್ ಇದ್ದೂ ಈ ಗತಿ. ಅಪರೂಪದ್ದನ್ನು ಮುಂಚೆಯೇ ಗುರುತಿಸಲು ಹೊರಟ ಎಲ್ಲರಿಗೂ ಈ ಲೆಕ್ಕ ತಪ್ಪಿದ್ದಲ್ಲ.

ಎರಡನೇ ಕಾರಣ, ನಾವು ಪ್ರತಿಭೆ ಅಂದುಕೊಂಡದ್ದು ಬಹಳ ಸಲ ಬರೀ ವಯಸ್ಸು. ಜನವರಿ 1ರ ಲೆಕ್ಕದಲ್ಲಿ ವಯೋಮಿತಿ ಹಾಕಿದರೆ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ನಡುವೆ ಹತ್ತಿರ ಹತ್ತಿರ ಒಂದು ವರ್ಷದ ಬೆಳವಣಿಗೆ. 1980ರ ದಶಕದಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ ಅಲ್ಲಿನ ಐಸ್ ಹಾಕಿಯಲ್ಲಿ ಇದನ್ನು ತೋರಿಸಿಕೊಟ್ಟರು: ಆಯ್ಕೆಯಾದ ಹುಡುಗರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ದೊಡ್ಡವನು ಆಯ್ಕೆ ಆಗ್ತಾನೆ, ಅವನಿಗೇ ಕೋಚಿಂಗ್ ಸಿಗ್ತದೆ, ಆಮೇಲೆ ನಿಜಕ್ಕೂ ಚೆನ್ನಾಗಿ ಆಡ್ತಾನೆ. ಎತ್ತರದ ಮಾತೂ ಹೀಗೆಯೇ. 2012ರ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಆಂಥನಿ ಡೇವಿಸ್ ಹೈಸ್ಕೂಲ್ ಶುರುವಿನಲ್ಲಿ ಗಾರ್ಡ್ ಆಗಿದ್ದವರು. ಓದು ಮುಗಿಯುವಷ್ಟರಲ್ಲಿ ಸುಮಾರು ಎಂಟು ಇಂಚು ಬೆಳೆದರು.

ನಮ್ಮ ದೇಶದಲ್ಲಿ ಕಣ್ಣು ಮೊದಲು ಹೋಗುವುದೇ ಎತ್ತರದ ಕಡೆ. ಎನ್‌ಬಿಎ ತಂಡವೊಂದು ಡ್ರಾಫ್ಟ್‌ನಲ್ಲಿ ಆರಿಸಿದ ಮೊದಲ ಭಾರತೀಯ ಪಂಜಾಬಿನ ಸತ್ನಾಮ್ ಸಿಂಗ್, ಎತ್ತರ ಏಳಡಿ ಎರಡು ಇಂಚು. 2015ರಲ್ಲಿ ಡಲ್ಲಾಸ್ ಅವರನ್ನು 52ನೆಯವರಾಗಿ ಆರಿಸಿತು. ಎನ್‌ಬಿಎಯಲ್ಲಿ ಒಂದು ಪಂದ್ಯ ಆಡುವ ಅವಕಾಶವೂ ಅವರಿಗೆ ಸಿಗಲಿಲ್ಲ. ಬಾಗಿಲು ತೆರೆಯಲು ಎತ್ತರ ಸಾಕು, ಒಳಗೆ ಉಳಿಯಲು ಸಾಲದು.

ಮೂರನೇ ಕಾರಣ, ಒಂದು ದಿನದ ಆಟ. ಸುರತ್ಕಲ್‌ನ ಎನ್‌ಐಟಿಕೆ ಕ್ಯಾಂಪಸ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಮೊದಲ ಟೆಸ್ಟ್ ಆಡಿದ್ದು 2014ರ ಡಿಸೆಂಬರ್‌ನಲ್ಲಿ, ಮೆಲ್ಬರ್ನ್‌ನಲ್ಲಿ. ರನ್ನು 3 ಮತ್ತು 1. ಅಲ್ಲಿಗೇ ಫೈಲ್ ಮುಚ್ಚಿದ್ದರೆ? ಮುಂದಿನ ಟೆಸ್ಟ್ ಸಿಡ್ನಿಯಲ್ಲಿ, 110 ಹೊಡೆದರು. ಮಲ್ಪೆಯಲ್ಲಿ ಯಾರೂ ಒಂದು ಟ್ರಿಪ್ಪಿನ ಮೀನು ನೋಡಿ ತಾಂಡೇಲನನ್ನು ಅಳೆಯುವುದಿಲ್ಲ. ಆಗಸ್ಟ್‌ನಿಂದ ಮೇ ತನಕ ಸೀಸನ್ ಪೂರ್ತಿ ನೋಡ್ತಾರೆ. ಮಕ್ಕಳ ವಿಷಯದಲ್ಲಿ ಮಾತ್ರ ನಮಗೆ ಒಂದು ಬೆಳಗ್ಗೆ ಸಾಕು!

ಹಾಗಂತ ಏನೂ ಹೇಳಲಾಗದು ಅಂತಲ್ಲ. ಕೆಲವು ಸೂಚನೆಗಳು ಬೇರೆಯವುಕ್ಕಿಂತ ನಂಬಿಕಸ್ತ. ಮೊದಲನೆಯದು, ಸಹ ಆಟಗಾರನಿಗೆ ಅಂಕ ಮಾಡಿಸಿಕೊಟ್ಟ ಪಾಸ್ ಎಷ್ಟು, ಕೈಯಾರೆ ಚೆಂಡು ಕಳೆದುಕೊಂಡದ್ದು ಎಷ್ಟು? ಈ ಎರಡರ ಅನುಪಾತವನ್ನು ಹತ್ತಿಪ್ಪತ್ತು ಪಂದ್ಯಗಳಲ್ಲಿ ಬರೆದಿಡಿ. ನಾನು ಆಗ ಕೇಳಿದ ಉಪಕರಣಕ್ಕೆ ಹತ್ತಿರದ್ದು ಇದೇ. ಎರಡನೆಯದು ಫ್ರೀ ಥ್ರೋ. ಎದುರಾಳಿ ಅಡ್ಡ ಬರುವುದಿಲ್ಲ, ದೂರ ಯಾವಾಗಲೂ ಒಂದೇ, ಸುಮಾರು 4.6 ಮೀಟರ್. ಹಾಗಾಗಿ ಕೈಯ ನಿಜವಾದ ಗುಣ ಅಲ್ಲಿ ಕಾಣ್ತದೆ. ಕರಿಯವರ ವೃತ್ತಿಜೀವನದ ಫ್ರೀ ಥ್ರೋ ಯಶಸ್ಸು ಶೇಕಡಾ 90ಕ್ಕಿಂತ ಹೆಚ್ಚು. ಮೂರನೆಯದು, ಇವತ್ತಿನ ಅಂಕಿಗಿಂತ ಬದಲಾವಣೆಯ ವೇಗ. ಜೂನ್‌ನಲ್ಲಿ ಹತ್ತಕ್ಕೆ ನಾಲ್ಕು ಹಾಕುತ್ತಿದ್ದವನು ಡಿಸೆಂಬರ್‌ನಲ್ಲಿ ಏಳು ಹಾಕಿದರೆ, ಮೊದಲಿಂದಲೂ ಏಳರಲ್ಲೇ ನಿಂತವನಿಗಿಂತ ಅವನ ಮೇಲೆ ಕಣ್ಣಿಡಿ. ನಾಲ್ಕನೆಯದು, ತಪ್ಪು ಮಾಡಿದ ಮರುಕ್ಷಣ ತಲೆ ತಗ್ಗಿಸಿ ನಿಲ್ತಾನೋ, ಹಿಂದೆ ಓಡಿ ಬಂದು ತಡೆಯಲು ನಿಲ್ತಾನೋ?

ಇನ್ನು ಒಂದೇ ಆಟಕ್ಕೆ ಬೇಗ ಕಟ್ಟಿಹಾಕಬೇಕು ಅನ್ನುವ ಅವಸರ ಬೇಡ. ಕಾರ್ಕಳ ಹೆರ್ಮುಂಡೆಯ ಮಮತಾ ಪೂಜಾರಿ ಶಾಲೆಯಲ್ಲಿ ವಾಲಿಬಾಲ್, ಗುಂಡೆಸೆತದಲ್ಲೂ ಇದ್ದವರು. ಮುಂದೆ ಕಬಡ್ಡಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 2014ರಲ್ಲಿ ಅರ್ಜುನ ಪ್ರಶಸ್ತಿ. ನ್ಯಾಶ್ ಕೂಡ ಫುಟ್‌ಬಾಲ್ ಆಡಿ ಬೆಳೆದವರೇ.

ಆದ್ದರಿಂದ ಮಲ್ಪೆಯ ಅಪ್ಪನಿಗೆ ನನ್ನ ಉತ್ತರ: ಸ್ಟಾರ್ ಆಗ್ತಾನೆ ಅನ್ನುವ ಲೆಕ್ಕದಲ್ಲಿ ಸಾಲ ಮಾಡಬೇಡಿ, ಆಗುವುದಿಲ್ಲ ಅನ್ನುವ ಲೆಕ್ಕದಲ್ಲಿ ಆಟ ಬಿಡಿಸಬೇಡಿ. ಟ್ಯೂಷನ್ನೂ ಇರಲಿ, ಸಂಜೆಯ ಆಟವೂ ಇರಲಿ. ಎರಡು ವರ್ಷ ಪುಸ್ತಕದಲ್ಲಿ ಬರೆದಿಟ್ಟು ನೋಡಿ.

ಆಯ್ಕೆ ಮಾಡುವವರಿಗೂ ಒಂದು ಮಾತು. ಊಹೆ ತಪ್ಪುವುದು ಖಚಿತ ಅಂತ ಗೊತ್ತಿದ್ದಾಗ ಬುದ್ಧಿವಂತರು ಮಾಡುವ ಕೆಲಸ, ತಪ್ಪನ್ನು ಸರಿಪಡಿಸಲು ಜಾಗ ಬಿಡುವುದು. ಹನ್ನೆರಡು ಮಕ್ಕಳ ಬದಲು ಮೂವತ್ತು ಮಕ್ಕಳನ್ನು ಅಂಕಣಕ್ಕೆ ಬಿಡಿ. ಪಟ್ಟಿಯಲ್ಲಿ ಹೆಸರಿನ ಪಕ್ಕ ಹುಟ್ಟಿದ ತಿಂಗಳನ್ನೂ ಬರೆಯಿರಿ. ಇವತ್ತು ಬೇಡ ಅಂದವನನ್ನು ಮುಂದಿನ ವರ್ಷ ನೀವೇ ಕರೆದು ಮತ್ತೊಮ್ಮೆ ನೋಡಿ. ಇದಕ್ಕೆ ದೊಡ್ಡ ಬಜೆಟ್ ಬೇಡ, ಒಂದು ರಿಜಿಸ್ಟರ್ ಸಾಕು.