ದಿಮ್ಮಿ ಮಾಡುವ ತಪ್ಪು, ಮೋಟಾರಿಗೆ ಬೀಳುವ ಪೆಟ್ಟು

ಹಾಸನ ಜಿಲ್ಲೆಯ ಸಾಮಿಲ್ಲುಗಳಲ್ಲಿ ಬ್ಯಾಂಡ್ ಸಾ ಮೋಟಾರು ಸುಟ್ಟಿತೆಂದರೆ ಬೈಗುಳ ಮೊದಲು ಕರೆಂಟಿನವರಿಗೆ, ಆಮೇಲೆ ವೈಂಡಿಂಗ್ ಮಾಡಿದವನಿಗೆ. ದಿಮ್ಮಿಯನ್ನು ಯಾರೂ ಬೈಯುವುದಿಲ್ಲ. ಆದರೆ ಇಲ್ಲಿನ ಮೋಟಾರುಗಳ ಕಷ್ಟ ತಿಳಿಯಬೇಕಾದರೆ ಅಂಗಳದಲ್ಲಿ ಬಿದ್ದಿರುವ ಮರದಿಂದಲೇ ಶುರುಮಾಡಬೇಕು.

ಸಕಲೇಶಪುರದ ಕಾಫಿ ತೋಟಗಳಿಂದ ಹಾಸನಕ್ಕೆ ಇಳಿಯುವ ಸಿಲ್ವರ್ ಓಕ್ ಕೊಯ್ಯಲು ಸಲೀಸು. ಆದರೆ ಬೇಲಿಗೂ ಮೆಣಸಿನ ಬಳ್ಳಿಗೂ ಆಸರೆಯಾಗಿದ್ದ ಮರವಾದರೆ ಒಳಗೆ ಹಳೆಯ ಮೊಳೆ, ಮುಳ್ಳುತಂತಿ ಹೂತಿರಬಹುದು. ಚನ್ನರಾಯಪಟ್ಟಣದ ತೆಂಗು ಬೇರೆಯದೇ ಜಾತಿ: ನಡು ಮೆತ್ತಗೆ, ಹೊರಸುತ್ತು ಗಟ್ಟಿ ನಾರು, ಬ್ಲೇಡಿನ ಹಲ್ಲು ನೋಡನೋಡುತ್ತ ಮೊಂಡಾಗುತ್ತದೆ. ಹಲಸಿನ ಮೇಣ ಬ್ಲೇಡಿಗೂ ಚಕ್ರಕ್ಕೂ ಮೆತ್ತಿಕೊಳ್ಳುತ್ತದೆ. ಎಲ್ಲಕ್ಕಿಂತ ಹಟಮಾರಿ ನೀಲಗಿರಿ. ಬೆಳೆಯುವಾಗಲೇ ಒಳಗೆ ಬಿಗಿತ ಕಟ್ಟಿಕೊಂಡ ಮರ ಅದು. ಕೊಯ್ದ ಸೀಳು ಹಿಂದಿನಿಂದ ಮುಚ್ಚಿಕೊಂಡು ಬ್ಲೇಡನ್ನು ಅಮುಕಿ ಹಿಡಿಯುತ್ತದೆ. ಆ ಹಿಡಿತದ ಭಾರವೆಲ್ಲ ಬೆಲ್ಟಿನ ಮೂಲಕ ಮೋಟಾರಿಗೆ.

ಮಿಲ್ಲಿನ ಮೋಟಾರು ಸಾಮಾನ್ಯವಾಗಿ 415 ವೋಲ್ಟಿನ ಮೂರು ಫೇಸ್‌ನದು, ನಿಮಿಷಕ್ಕೆ ಸುಮಾರು 1440 ಸುತ್ತು. 10 ಎಚ್‌ಪಿ ಮೋಟಾರು ಪೂರ್ತಿ ಭಾರದಲ್ಲಿ ಎಳೆಯುವುದು ಹೆಚ್ಚುಕಡಿಮೆ 14 ಆಂಪಿಯರ್. ಈ ಒಂದು ಅಂಕಿ ಸ್ಟಾರ್ಟರಿನ ಮೇಲೆ ಬರೆದಿಟ್ಟಿದ್ದರೆ ಅರ್ಧ ತಕರಾರು ಅಲ್ಲೇ ಬಗೆಹರಿಯುತ್ತದೆ. ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಾಕಿ ನೋಡಿ: ಮೂರು ವೈರಿನಲ್ಲೂ ಕರೆಂಟು ಸಮವಾಗಿದ್ದು 18 ತೋರಿಸಿದರೆ ಮೊದಲು ಬ್ಲೇಡು ಮೊಂಡಾಗಿದೆಯೇ, ತಳ್ಳುವವನು ಅವಸರ ಮಾಡುತ್ತಿದ್ದಾನೆಯೇ ಎಂದು ನೋಡಬೇಕು. ಬೆಲ್ಟು ಬಿಚ್ಚಿ ಬರಿಯ ಮೋಟಾರು ಓಡಿಸಿದಾಗ ಕರೆಂಟು ಇಳಿದು ಸದ್ದು ಸರಿಹೋದರೆ ಕಾಯಿಲೆ ಯಂತ್ರದಲ್ಲಿದೆ. ಆಗಲೂ ಕಿರ್ರೆಂದರೆ ಬೇರಿಂಗ್. ಒಂದು ವೈರಿನಲ್ಲಿ ಸೊನ್ನೆ ಬಂದು ಮೋಟಾರು ಬರೀ ಗುಂಯ್‌ಗುಡುತ್ತಿದ್ದರೆ ಫೇಸ್ ಹೋಗಿದೆ; ತಕ್ಷಣ ನಿಲ್ಲಿಸಬೇಕು. ಓಡುತ್ತಿರುವಾಗಲೇ ಒಂದು ಫೇಸ್ ತಪ್ಪಿದರೆ ಅದೇ ಭಾರಕ್ಕೆ ಉಳಿದೆರಡು ವೈರಿನ ಕರೆಂಟು ಸುಮಾರು 1.7 ಪಟ್ಟು ಏರುತ್ತದೆ.

ಸುಟ್ಟ ಮೋಟಾರನ್ನು ಬಿಚ್ಚಿದಾಗ ಕೆಲಸ ಬಲ್ಲ ವೈಂಡರ್ ಕಾಯಿಲ್ ನೋಡಿಯೇ ಕಾರಣ ಹೇಳಬಲ್ಲ. ಸ್ಟಾರ್ ಜೋಡಣೆಯಲ್ಲಿ ಮೂರರಲ್ಲಿ ಎರಡು ಸುತ್ತು ಕಪ್ಪಾಗಿ ಒಂದು ಹೊಸದರಂತಿದ್ದರೆ, ಡೆಲ್ಟಾದಲ್ಲಿ ಒಂದೇ ಕಪ್ಪಾಗಿದ್ದರೆ, ಫೇಸ್ ತಪ್ಪಿತ್ತು. ಮೂರೂ ಒಂದೇ ಸಮ ಕಂದಿದ್ದರೆ ಭಾರ ಹೆಚ್ಚಾಗಿತ್ತು, ಇಲ್ಲವೇ ವೋಲ್ಟೇಜ್ ಬಿದ್ದಿತ್ತು. ಬೋರ್‌ವೆಲ್ ಪಂಪಿನ ಮೋಟಾರಿಗೂ ಇದೇ ವಿದ್ಯೆ. ವೈಂಡಿಂಗ್ ಕಟ್ಟಿಸುವ ಮುನ್ನ ಆ ಸುಟ್ಟ ಕಾಯಿಲನ್ನು ಮಾಲೀಕರು ತಾವೇ ಹೋಗಿ ನೋಡಬೇಕು. ಕಾರಣ ತಿಳಿಯದೆ ಕಟ್ಟಿಸಿದ ವೈಂಡಿಂಗ್ ಮತ್ತೆ ಸುಡುವುದಕ್ಕೇ ಕಟ್ಟಿಸಿದ್ದು.

ವೋಲ್ಟೇಜ್ 350ಕ್ಕೆ ಇಳಿದರೆ ತಿರುಗುವ ಬಲ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ವರ್ಗದ ಲೆಕ್ಕದಲ್ಲಿ ಇಳಿದು ಮುಕ್ಕಾಲಿಗಿಂತ ಕೆಳಗೆ ಬರುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಸ್ಟಾರಿನಲ್ಲಿರುವಷ್ಟು ಹೊತ್ತು ಸಿಗುವುದು ಮೂರನೇ ಒಂದು ಪಾಲು ಬಲ ಮಾತ್ರ. ಡೆಲ್ಟಾ ಕೂತು ಚಕ್ರ ಪೂರ್ತಿ ವೇಗ ಹಿಡಿಯುವ ಮುಂಚೆ ದಿಮ್ಮಿ ಕೊಡಬಾರದು. ಬಡಗಿಯ ಶೆಡ್ಡಿನ ಸಣ್ಣ ಸಿಂಗಲ್ ಫೇಸ್ ಯಂತ್ರ ಗುಂಯ್‌ಗುಟ್ಟಿ ನಿಂತರೆ ಮೊದಲ ಅನುಮಾನ ಕೆಪ್ಯಾಸಿಟರ್ ಮೇಲೆ. ಲೈನ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಎಚ್ಚರ. ಮೋಟಾರಿನ ಮೈಮೇಲೆ ಕೂತ ಮರದ ಹೊಟ್ಟು ಕಂಬಳಿ ಹೊದಿಸಿದಂತೆ. ದಿನವೂ ಊದಿ ತೆಗೆಯುವುದಕ್ಕೆ ಖರ್ಚೇನಿಲ್ಲ.

ಇಷ್ಟು ಜೋಪಾನ ಏಕೆಂದರೆ ಹೊಸ ಮಿಲ್ಲು ಹಾಕುವುದು ಸುಲಭವಲ್ಲ. ಕಾಡು ಉಳಿಸುವ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಮಿಲ್ ಲೈಸೆನ್ಸಿಗೆ ಬಿಗಿ ಹಾಕಿದ ಮೇಲೆ ಇರುವ ಮಿಲ್ಲನ್ನು ಉಳಿಸಿಕೊಳ್ಳುವುದೇ ಜಾಣತನ.

ಇನ್ನು ಕೊಳ್ಳುವ ಸಾಮಾನು. ಹೆಚ್ಚು ಎಚ್‌ಪಿಯ ಮೋಟಾರಿಗೆ ಆಸೆಪಡುವ ಮೊದಲು ಸಿಂಗಲ್ ಫೇಸ್ ತಡೆಯುವ ರಿಲೇ ಹಾಕಿಸುವುದು ನನ್ನ ಪ್ರಕಾರ ಮೊದಲ ಖರ್ಚು. ಎರಡನೆಯದು ಹಲ್ಲು ಹದಮಾಡುವ ಗ್ರೈಂಡರ್ ಮತ್ತು ಹಲ್ಲನ್ನು ಎಡಬಲಕ್ಕೆ ಬಾಗಿಸುವ ಸೆಟ್ಟಿಂಗ್ ಇಕ್ಕಳ. ಹಲ್ಲು ಸರಿಯಾಗಿ ಬಾಗಿದ್ದರೆ ಸೀಳು ಅಗಲವಾಗಿ ನೀಲಗಿರಿಯ ಹಿಡಿತ ಸಡಿಲುತ್ತದೆ. ತೋಟದ ಮರ ಕೊಯ್ಯುವವರಿಗೆ ಕೈಯಲ್ಲಿ ಹಿಡಿಯುವ ಲೋಹ ಪತ್ತೆ ಸಾಧನ ಒಂದೆರಡು ಬ್ಲೇಡು ಉಳಿಸಿದರೂ ದುಡ್ಡು ವಾಪಸು. ಚಕ್ರ ಉಜ್ಜುವ ಬ್ರಷ್ಷು, ಹೊಸ ಗೈಡು ಆಮೇಲೆ. ಮರವನ್ನು ಆನಿಸಿ ತಳ್ಳುವ ಫೆನ್ಸ್, ಅಳತೆಪಟ್ಟಿ ಮೊದಲಾದ ಅಲಂಕಾರ ಎಲ್ಲಕ್ಕಿಂತ ಕೊನೆಗೆ.

ಕೊನೆಗೆ ಬ್ಲೇಡಿನ ಮಾತು. ಬ್ಯಾಂಡ್ ಸಾ ಕಲ್ಪನೆ 19ನೇ ಶತಮಾನದ ಆರಂಭದ್ದು, ಆದರೆ ಬ್ಲೇಡಿನ ಬೆಸುಗೆ ಕೂರದೆ ದಶಕಗಳ ಕಾಲ ಅದು ಮೂಲೆಗುಂಪಾಗಿತ್ತು. 1846ರಲ್ಲಿ ಫ್ರಾನ್ಸಿನ ಆನ್ ಪೌಲಿನ್ ಕ್ರೆಪಿನ್ ಎಂಬ ಮಹಿಳೆ ಬೆಸುಗೆಗೆ ದಾರಿ ಕಂಡುಕೊಂಡರು. ಇಂದಿಗೂ ಬ್ಲೇಡು ಹೆಚ್ಚಾಗಿ ತುಂಡಾಗುವುದು ಬೆಸುಗೆಯಲ್ಲೇ. ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದ ಒಂದು ಭಾಗ ಮೀರಬಾರದು. 36 ಇಂಚಿನ ಚಕ್ರಕ್ಕೆ 0.9 ಮಿ.ಮೀ. ಸಾಕು. ಉದ್ದಕ್ಕೆ ಅಂಗಡಿಯವನ ಅಂದಾಜು ಬೇಡ. ಟೆನ್ಷನ್ ಸ್ಕ್ರೂ ನಡುವಿನಲ್ಲಿಟ್ಟು ಎರಡು ಚಕ್ರಗಳ ಕೇಂದ್ರದ ಅಂತರ ಅಳೆದು ಇಮ್ಮಡಿ ಮಾಡಿ, ಅದಕ್ಕೆ ಒಂದು ಚಕ್ರದ ಸುತ್ತಳತೆ ಕೂಡಿಸಿ: 36 ಇಂಚಿನ ಚಕ್ರ, 60 ಇಂಚಿನ ಅಂತರವಾದರೆ 233 ಇಂಚು.