ಲುಪ್ತಪ್ರಾಣಿಗಳಲ್ಲಿ ಸ್ತ್ರೀಪುರುಷಭೇದದ ನಿರೂಪಣೆ

ಕಂಪ್ಯೂಟರಿನ ತೆರೆಯ ಮೇಲೆ ಮೃಗಾಲಯವನ್ನು ಕಟ್ಟಿ ನಡೆಸುವ ಆಟಗಳು ಈಚಿನ ದಶಕಗಳಲ್ಲಿ ಬಹಳವಾಗಿ ಪ್ರಚಾರಕ್ಕೆ ಬಂದಿವೆ. ಅವುಗಳಲ್ಲೊಂದಾದ ‘ಜೂ ಟೈಕೂನ್ 2’ ಎಂಬುದಕ್ಕೆ 2007ರಲ್ಲಿ ಲುಪ್ತಪ್ರಾಣಿಗಳ ಅನುಬಂಧವೊಂದು ಸೇರಿತು. ಆಡುವವನು ಆವರಣದೊಳಕ್ಕೆ ಬಿಡುವ ಪ್ರಾಣಿಯು ಗಂಡೊ ಹೆಣ್ಣೊ ಎಂಬುದನ್ನು ಇದರಲ್ಲಿ ಆರಿಸಿಕೊಳ್ಳುವನು. ಹೀಗಿರಲು, ಯಾರೂ ಕಣ್ಣಾರೆ ಕಾಣದ ಪ್ರಾಣಿಯಲ್ಲಿ ಈ ಭೇದವನ್ನು ಯಾವ ಪ್ರಮಾಣದಿಂದ ತೋರಿಸತಕ್ಕುದು ಎಂಬ ಪ್ರಶ್ನೆಯು ಚಿತ್ರಕಾರನಿಗೆ ಒದಗುತ್ತದೆ.

ನ್ಯಾಯಶಾಸ್ತ್ರದಲ್ಲಿ ಹೇತುವಿಗೆ ಲಿಂಗವೆಂದೂ ಹೆಸರುಂಟು. ಇಲ್ಲಿ ಲಿಂಗದಿಂದ ಲಿಂಗವನ್ನೇ ಅನುಮಾನಿಸಬೇಕಾಗಿದೆ. ಅಸ್ಥಿಯೇ ಹೇತು, ಈಗ ಜೀವಿಸಿರುವ ಪ್ರಾಣಿಗಳೇ ದೃಷ್ಟಾಂತ.

ಕೆಲವೆಡೆ ಹೇತುವು ಬಲವಾಗಿದೆ. ಐರ್ಲೆಂಡಿನ ಜೌಗುನೆಲಗಳಲ್ಲಿ ದೊರೆತಿರುವ ಮಹಾಮೃಗವಾದ ಮೆಗಾಲೊಸೆರಸ್ಸಿನಲ್ಲಿ ಸುಮಾರು 3.5 ಮೀಟರು ಅಗಲಕ್ಕೆ ಹರಡುತ್ತಿದ್ದ ಕವಲುಗೊಂಬುಗಳು ಗಂಡಿಗೆ ಮಾತ್ರ ಇದ್ದುವು. ನ್ಯೂಜಿಲೆಂಡಿನ ಮೋವಾ ಪಕ್ಷಿಯ ಪ್ರಸಂಗವು ಇನ್ನೂ ಬೋಧಕವಾದುದು. ಅದರ ದೊಡ್ಡ ಎಲುಬುಗಳನ್ನೂ ಸಣ್ಣ ಎಲುಬುಗಳನ್ನೂ ವಿದ್ವಾಂಸರು ಬಹುಕಾಲ ಬೇರೆ ಬೇರೆ ಜಾತಿಗಳೆಂದು ಎಣಿಸಿದ್ದರು. 2003ರಲ್ಲಿ ಎಲುಬಿನೊಳಗಿನ ಡಿಎನ್‌ಎಯನ್ನು ಪರೀಕ್ಷಿಸಲಾಗಿ ದೊಡ್ಡವು ಹೆಣ್ಣು, ಸಣ್ಣವು ಗಂಡು ಎಂದು ನಿರ್ಣಯವಾಯಿತು. ಹೆಣ್ಣು ಎತ್ತರದಲ್ಲಿ ಗಂಡಿನ ಒಂದೂವರೆ ಪಟ್ಟು, ತೂಕದಲ್ಲಿ 2.8 ಪಟ್ಟಿನವರೆಗೂ ಇರುತ್ತಿದ್ದಿತು. ಗಂಡೇ ದೊಡ್ಡದೆಂಬ ರೂಢಿಯನ್ನು ನೆಚ್ಚಿ ಬರೆದ ಚಿತ್ರವು ಇಲ್ಲಿ ತಲೆಕೆಳಗಾಗುವುದು.

ಟೆರಾನೊಡಾನ್ ಎಂಬ ಹಾರುವ ಸರೀಸೃಪದಲ್ಲಿ ಅನುಮಾನವು ಗಣನೆಯಿಂದ ಹುಟ್ಟಿದೆ. ದೊರೆತ ಅಸ್ಥಿಗಳು ಎರಡು ಪ್ರಮಾಣದವಾಗಿವೆ: ದೊಡ್ಡವಕ್ಕೆ ಉದ್ದನೆಯ ಶಿಖೆ, ಸಣ್ಣವಕ್ಕೆ ಕಿರಿದಾದ ಶಿಖೆ, ಅಗಲವಾದ ಶ್ರೋಣಿ. ಅಗಲವಾದ ಶ್ರೋಣಿಯು ಮೊಟ್ಟೆಯಿಡುವುದಕ್ಕೆ ತಕ್ಕುದಾದುದರಿಂದ ಸಣ್ಣವೇ ಹೆಣ್ಣುಗಳೆಂದು 1992ರಲ್ಲಿ ಬೆನೆಟ್ ಎಂಬ ವಿದ್ವಾಂಸನು ಪ್ರತಿಪಾದಿಸಿದನು.

ಡೈನೋಸಾರುಗಳಲ್ಲಿಯಾದರೋ ಹೇತುವು ದುರ್ಬಲ. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣುಹಕ್ಕಿಗಳ ಎಲುಬಿನೊಳಗೆ ಸುಣ್ಣದಂಶವುಳ್ಳ ವಿಶೇಷ ಪದರವೊಂದು ಬೆಳೆಯುತ್ತದೆ. ಅಂಥದೇ ಪದರವು ಟಿರಾನೊಸಾರಸ್ ಒಂದರ ತೊಡೆಯೆಲುಬಿನಲ್ಲಿ ಕಂಡಿತೆಂದು 2005ರಲ್ಲಿ ಪ್ರಕಟವಾಯಿತು. ಇದರಿಂದ ಆ ಪ್ರಾಣಿಯು ಹೆಣ್ಣೆಂದು ಊಹಿಸಬಹುದಲ್ಲದೆ, ಅದರ ರೂಪವು ಗಂಡಿನಿಂದ ಹೇಗೆ ಭಿನ್ನವಾಗಿದ್ದಿತೆಂದು ತಿಳಿಯುವುದಿಲ್ಲ.

ಹಾಗಾದರೆ ಭೇದವೇ ಇರಲಿಲ್ಲವೆನ್ನಬಹುದೆ? ಅದೂ ಸಲ್ಲದು. ಇದ್ದರೆ ಕಾಣತಕ್ಕ ವಸ್ತುವು ಕಾಣದಿದ್ದಾಗ ಮಾತ್ರ ಅನುಪಲಬ್ಧಿಯು ಅಭಾವವನ್ನು ಸಾಧಿಸುತ್ತದೆ. ನವಿಲಿನ ಅಸ್ಥಿಪಂಜರವಷ್ಟೇ ಉಳಿದಿದ್ದರೆ ಅದರ ಸೋಗೆಯ ವೈಭವವನ್ನು ಯಾರು ಊಹಿಸಬಲ್ಲರು? ಚೀನಾದೇಶದ ಪುರಾತನ ಪಕ್ಷಿಯಾದ ಕನ್ಫ್ಯೂಷಿಯಸಾರ್ನಿಸಿನಲ್ಲಿ ಗರಿಗಳ ಗುರುತೂ ಶಿಲೆಯಲ್ಲಿ ಉಳಿದುದರಿಂದಲೇ, ಕೆಲವಕ್ಕೆ ಉದ್ದನೆಯ ಬಾಲದ ಗರಿಗಳೆರಡು ಉಂಟು, ಕೆಲವಕ್ಕೆ ಇಲ್ಲ ಎಂದು ತಿಳಿಯಿತು. 2013ರಲ್ಲಿ ಗರಿಯಿಲ್ಲದ ಒಂದರ ಎಲುಬಿನಲ್ಲಿ ಮೇಲೆ ಹೇಳಿದ ಪದರವು ದೊರೆತು, ಅದು ಹೆಣ್ಣೆಂದು ಗೊತ್ತಾಯಿತು.

ಆದುದರಿಂದ ಪ್ರಮಾಣವಿದ್ದಲ್ಲಿ ಭೇದವನ್ನು ನಿಸ್ಸಂಕೋಚವಾಗಿ ಬರೆಯಬೇಕು. ಇಲ್ಲದಲ್ಲಿ ಮಿತವಾಗಿ ಬರೆದು, ಕಲ್ಪನೆಯೆಂದು ಹೇಳಬೇಕು. ಕನ್ನಡವೂ ಹೀಗೆಯೇ ನಡೆಯುತ್ತದೆ. ಕೋಣ ಎಮ್ಮೆಗಳಿಗೆ, ಹುಂಜ ಹೇಂಟೆಗಳಿಗೆ ಬೇರೆ ಬೇರೆ ಹೆಸರುಗಳುಂಟು. ಕಣ್ಣಿಗೆ ಭೇದ ತೋರದ ಕಾಗೆಯಲ್ಲಿ ಗಂಡುಕಾಗೆ, ಹೆಣ್ಣುಕಾಗೆ ಎಂದು ವಿಶೇಷಣವನ್ನು ಮಾತ್ರ ಹಚ್ಚುವರು; ಇಲ್ಲದ ಹೆಸರನ್ನು ಕಟ್ಟುವುದಿಲ್ಲ.