ಔಷಧಕ್ಕೂ ಒಂದು ಆಸರೆ

ಮಕ್ಕಳಿಗೂ ಅರ್ಬುದರೋಗ, ಎಂದರೆ ಕ್ಯಾನ್ಸರ್, ಬರುವುದುಂಟೆಂದರೆ ನಂಬದವರು ನಮ್ಮಲ್ಲಿ ಅನೇಕರಿದ್ದಾರೆ. ಬಂದುದು ಗುಣವಾಗುವುದೂ ಉಂಟೆಂದರೆ ನಂಬುವವರು ಇನ್ನೂ ವಿರಳ. ವರ್ಷವೊಂದಕ್ಕೆ ಜಗತ್ತಿನಲ್ಲಿ ಸುಮಾರು 4 ಲಕ್ಷ ಮಕ್ಕಳೂ ಹದಿಹರೆಯದವರೂ ಈ ವ್ಯಾಧಿಗೆ ಈಡಾಗುತ್ತಾರೆ. ಸಂಪನ್ನ ರಾಷ್ಟ್ರಗಳಲ್ಲಿ ಅವರ ಪೈಕಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣಹೊಂದುವರು. ಕಡುಬಡ ರಾಷ್ಟ್ರಗಳಲ್ಲಿ 30 ಮಂದಿಯೂ ಉಳಿಯರು. ರೋಗವನ್ನು ತಡವಾಗಿ ಗುರುತಿಸುವುದೂ ಔಷಧದ ಅಭಾವವೂ ಈ ಅಂತರಕ್ಕೆ ಕಾರಣಗಳೆಂಬುದು ದಿಟ. ಆದರೆ ಆಸ್ಪತ್ರೆಯನ್ನು ಸಕಾಲದಲ್ಲಿ ಸೇರಿ, ತಕ್ಕ ಔಷಧವನ್ನೇ ಪಡೆದು, ಗಡ್ಡೆಯೂ ಕರಗುತ್ತಿರುವಾಗ, ಸೋಂಕಿನಿಂದಲೋ ರಕ್ತಸ್ರಾವದಿಂದಲೋ ಅನ್ನವಿಲ್ಲದ ನಿಶ್ಶಕ್ತಿಯಿಂದಲೋ ಮಡಿಯುವ ಮಕ್ಕಳ ವಿಷಯವನ್ನು ನಾವು ಸಾಕಷ್ಟು ಯೋಚಿಸಿಲ್ಲ. ನನಗೆ ಅತ್ಯಂತ ದುಸ್ಸಹವಾಗಿ ತೋರುವುದು ಈ ಸಾವುಗಳೇ.

ಕೀಮೋಥೆರಪಿಯ ಔಷಧಗಳು ಶೀಘ್ರವಾಗಿ ವೃದ್ಧಿಸುವ ಜೀವಕೋಶಗಳನ್ನೆಲ್ಲ ಹೊಡೆಯುತ್ತವೆ. ಕಳೆ ಕೀಳುವಾಗ ಪೈರಿನ ಬೇರೂ ಸಡಿಲುವಂತೆ, ಅಸ್ಥಿಮಜ್ಜೆಯಲ್ಲಿ ದಿನದಿನವೂ ಹುಟ್ಟುವ ರಕ್ತಕಣಗಳೂ ಆ ಪೆಟ್ಟಿಗೆ ಸಿಲುಕುವುವು. ಸೋಂಕನ್ನು ಎದುರಿಸುವ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ರಕ್ತದ ಒಂದು ಮೈಕ್ರೋಲೀಟರಿನಲ್ಲಿ 500ಕ್ಕಿಂತ ಕೆಳಗಿಳಿದ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ದಾಟಿ ಜ್ವರವೇರಿತೆಂದರೆ, ಅದನ್ನು ನೆಗಡಿಯ ಜ್ವರದಂತೆ ಎಣಿಸತಕ್ಕುದಲ್ಲ. ಅದುವರೆಗೆ ಕರುಳಿನಲ್ಲಿ ನಿರುಪದ್ರವಿಗಳಾಗಿ ವಾಸಿಸುತ್ತಿದ್ದ ಸೂಕ್ಷ್ಮಜೀವಿಗಳೇ ರಕ್ತವನ್ನು ಹೊಕ್ಕು ಕೆಲವು ಗಂಟೆಗಳಲ್ಲಿ ಪ್ರಾಣವನ್ನು ಅಪಹರಿಸಬಲ್ಲವು. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ, ಪರೀಕ್ಷೆಯ ವರದಿಗೂ ಕಾಯದೆ, ಆಂಟಿಬಯೋಟಿಕ್ ರಕ್ತನಾಳಕ್ಕೆ ಇಳಿಯಬೇಕೆಂಬುದು ವೈದ್ಯರ ನಿಯಮ. ಬೆಂಗಳೂರಿನ ಕಿದ್ವಾಯಿ ಅರ್ಬುದರೋಗ ಸಂಸ್ಥೆಯಲ್ಲಿ ಔಷಧ ಪಡೆದು ರಾಯಚೂರಿನ ಕಡೆಯ ಹಳ್ಳಿಗೆ ಮರಳಿದ ಮಗುವಿನ ಮೈ ನಡುರಾತ್ರಿಯಲ್ಲಿ ಸುಟ್ಟರೆ ಆ ನಿಯಮದ ಗತಿಯೇನು? ಮನೆಯಲ್ಲೊಂದು ಥರ್ಮಾಮೀಟರ್ ಇರಬೇಕು. ಚಿಕಿತ್ಸೆಯ ವಿವರ ಬರೆದ ಕಾಗದ ಕೈಗೆ ಸಿಗುವಂತಿರಬೇಕು. ಜ್ವರದ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಹೊರಡಬೇಕೆಂಬುದು ತಾಯಿಗೆ ತಿಳಿದಿರಬೇಕು. ಅಲ್ಲಿಯ ವೈದ್ಯರು ಆ ಕಾಗದವನ್ನೋದಿ ಒಡನೆಯೇ ಕಾರ್ಯೋನ್ಮುಖರಾಗಬೇಕು. ಇಷ್ಟನ್ನೂ ಆ ತಾಯಿಗೆ ಅವಳಾಡುವ ಮಾತಿನಲ್ಲಿಯೇ ತಿಳಿಯಹೇಳಲು ನರ್ಸಮ್ಮನಿಗೆ ಹಿಡಿಯುವ ಅರ್ಧಗಂಟೆಯನ್ನು ನಾನು ಬೆಲೆಬಾಳುವ ಔಷಧದ ಸಾಲಿನಲ್ಲಿಯೇ ಇಡುತ್ತೇನೆ.

ಆಹಾರದ ಸಂಗತಿಯೂ ಇಂತಹುದೇ. ಆಫ್ರಿಕದ ಮಲಾವಿ ದೇಶದ ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಗೆ ಮೂತ್ರಪಿಂಡದ ಬೃಹತ್ ಗಡ್ಡೆಗಳೊಡನೆ ಬರುವ ಮಕ್ಕಳನ್ನು ತೂಗಿದರೆ ತಕ್ಕಡಿ ಸುಳ್ಳು ಹೇಳುತ್ತದೆ, ಏಕೆಂದರೆ ಗಡ್ಡೆಯ ಭಾರವೂ ಮಗುವಿನ ಭಾರವಾಗಿಯೇ ಎಣಿಕೆಗೆ ಬರುವುದು. ಅದರಿಂದ ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆಯುವುದೇ ವಿಶ್ವಸನೀಯ. ಅಪೌಷ್ಟಿಕತೆಯಿಂದ ಬಳಲುವ ಮಗುವಿನ ದೇಹವು ವಿಂಕ್ರಿಸ್ಟೀನ್ ಎಂಬ ಔಷಧವನ್ನು ನಿಧಾನವಾಗಿ ಹೊರಹಾಕುವುದೆಂದು ಅಲ್ಲಿಯೇ ಕಂಡುಬಂದಿತು. ಪುಷ್ಟವಾದ ಮಗುವಿಗೆ ಹಿತವಾದ ಪ್ರಮಾಣ ಕೃಶವಾದ ಮಗುವಿಗೆ ವಿಷವಾಗಬಹುದೆಂಬ ಈ ಅರಿವು ಬಂದಮೇಲೆ, ಮೊಟ್ಟೆಯನ್ನೂ ಹಾಲನ್ನೂ ಕಡಲೆಬೀಜದ ಪೌಷ್ಟಿಕ ಆಹಾರವನ್ನೂ ದಾನಧರ್ಮದ ಲೆಕ್ಕದಲ್ಲಿ ಬರೆಯುವುದು ತಪ್ಪು. ಅವು ಚಿಕಿತ್ಸೆಯ ಲೆಕ್ಕಕ್ಕೇ ಸೇರತಕ್ಕವು.

ವಸತಿಯೂ ಹಾಗೆಯೇ. ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಸುತ್ತಣ ಪಾದಚಾರಿ ಮಾರ್ಗದಲ್ಲಿ ರೋಗಿಗಳ ಕುಟುಂಬಗಳು ಮಲಗುವುದನ್ನು ಆ ನಗರ ಬಹುಕಾಲದಿಂದ ಬಲ್ಲದು. ಅಂಥ ಮಕ್ಕಳಿಗೂ ತಾಯಿತಂದೆಗಳಿಗೂ ಉಚಿತವಾಗಿ ಶುಚಿಯಾದ ಕೋಣೆಯನ್ನೂ ಅಡುಗೆಗೆ ಅನುಕೂಲವನ್ನೂ ಒದಗಿಸುವ ಸೇಂಟ್ ಜೂಡ್ ಇಂಡಿಯಾ ಸಂಸ್ಥೆ 2006ರಲ್ಲಿ ಆ ನಗರದಲ್ಲಿಯೇ ಆರಂಭವಾಯಿತು. ಇರಲು ನೆಲೆಯಿಲ್ಲದ ತಂದೆ, ದಿನಗೂಲಿಯೂ ಕೈಬಿಟ್ಟಾಗ, ಚಿಕಿತ್ಸೆಯನ್ನು ಅರ್ಧಕ್ಕೆ ತೊರೆದು ಊರಿನ ರೈಲು ಹತ್ತಿದರೆ ಅವನನ್ನು ಅಜ್ಞಾನಿಯೆಂದು ಜರೆಯುವುದು ನಮಗೆ ಒಪ್ಪುವ ಮಾತಲ್ಲ.

ನೋವಿನ ವಿಷಯದಲ್ಲಿ ಒಂದೇ ಮಾತು: ಬಾಯಿಯ ಮೂಲಕ ಕೊಡುವ ಮಾರ್ಫಿನ್ ಅಗ್ಗದ ಔಷಧ, ಅದಕ್ಕೆ ಅಡ್ಡಿಯಾಗಿದ್ದ ನಮ್ಮ 1985ರ ಮಾದಕದ್ರವ್ಯ ಕಾಯಿದೆಯ ಕಟ್ಟುಪಾಡುಗಳೂ 2014ರ ತಿದ್ದುಪಡಿಯಿಂದ ಸಡಿಲಗೊಂಡಿವೆ. ಇನ್ನು ಮಗುವನ್ನು ನೋವಿನಲ್ಲಿ ನರಳಬಿಡುವುದಕ್ಕೆ ನೆಪವಿಲ್ಲ.

ಓದುಗರಿಂದ ಆಗಬಹುದಾದುದೂ ಒಂದುಂಟು. ಕೀಮೋಥೆರಪಿಯ ಅವಧಿಯಲ್ಲಿ ರಕ್ತಸ್ರಾವವನ್ನು ತಡೆಯಲು ಈ ಮಕ್ಕಳಿಗೆ ಪ್ಲೇಟ್‌ಲೆಟ್ ಎಂಬ ರಕ್ತಕಣಗಳು ಬೇಕಾಗುತ್ತವೆ. ಸಾಮಾನ್ಯವಾಗಿ 5 ದಿನಗಳಷ್ಟೇ ಬಾಳುವ ಈ ಕಣಗಳನ್ನು ಮುಂಗಡವಾಗಿ ಕೂಡಿಡಲು ಬಾರದು. ನಿಮ್ಮ ಜಿಲ್ಲೆಯ ರಕ್ತನಿಧಿಗೆ ಹೋಗಿ, ಪ್ಲೇಟ್‌ಲೆಟ್ ದಾನಿಯೆಂದು ಹೆಸರು ಬರೆಯಿಸಿ, ಅವರು ಕರೆದ ದಿನ ತಪ್ಪದೆ ಹೋಗಿಬನ್ನಿ.